ಜುಂಜಣ್ಣನ ಗುಂಗುರು

ಬೋರ್ಡಿನಲ್ಲಿ ‘ಮಹಿಳೆಯರಿಗೆ ಮಾತ್ರ’ ಅಂತಲೇ ಇದೆ.
ಆದರೂ ಒಂಬತ್ತರ ಮೇಲೆ, ಶಟರು ಅರ್ಧ ಇಳಿದ ಮೇಲೆ,
ತುಮಕೂರು ಗುಬ್ಬಿ ಗೇಟಿನ ನನ್ನ ಮಹಡಿ ಪಾರ್ಲರಿಗೆ
ತಲೆ ಬಗ್ಗಿಸಿ ನುಗ್ಗಿತು ಒಂದು ಖಾಕಿ ಅಂಗಿ.
“ಅಕ್ಕಾ, ಕೃಷ್ಣನ ಪಾರ್ಟು. ಟೋಪನ್ ಹಾಕಿದ್ರೆ ಕೆರೆತ.
ನನ್ನ ಕೂದ್ಲೇ ಗುಂಗುರು ಮಾಡ್ಕೊಡಿ.”

ಹೆಸರು ಜುಂಜಣ್ಣ. ಶಿರಾ ರೂಟಿನ ಕಂಡಕ್ಟರು.
ಹೆಸರಿನಲ್ಲಿ ಅಷ್ಟೊಂದು ಜುಂಜು,
ತಲೆಯಲ್ಲಿ ಮಾತ್ರ ಹಂಚಿಕಡ್ಡಿ.

ಬಿಎಸ್ಸಿಯ ಕೆಮಿಸ್ಟ್ರಿಗೆ ಎರಡು ಸಲ ಕಟ್ಟಿ ಪಾಸಾದವಳು ನಾನು.
ಕಲಿತದ್ದನ್ನು ಕೇಳುವವರು ಇದುವರೆಗೆ ಈ ಮೆಟ್ಟಿಲು ಹತ್ತಿರಲಿಲ್ಲ.
ಅವನು ಕೇಳಿದ:
“ನೆಟ್ಟಗಿರೋದು ಹೆಂಗಕ್ಕಾ ಸುತ್ಕೊಳ್ಳುತ್ತೆ?”

ಬೈತಲೆ ತೆಗೆಯುತ್ತ ಹೇಳಿದೆ:
ಕೂದಲೆಂದರೆ ಪ್ರೋಟೀನು, ಪ್ರೋಟೀನೆಂದರೆ ಸಾಲು,
ನಿನ್ನ ಬಸ್ಸಿನ ನಡುದಾರಿಯಲ್ಲಿ ನಿಂತವರ ಹಾಗೆ.
ಒಂದೊಂದು ಅಮೈನೋ ಆಮ್ಲಕ್ಕೂ ಎರಡು ಕೈ,
ಒಂದು ಅಮೈನು, ಇನ್ನೊಂದು ಆಮ್ಲ.
ಮುಂದಿನವನ ಹುಳಿಗೈಗೆ ಹಿಂದಿನವನ ಅಮೈನುಗೈ.
ಕೈ ಕೂಡಿದಾಗೆಲ್ಲ ನಡುವಿನಿಂದ
ಒಂದೇ ಒಂದು ಅಣು ನೀರು ಹೊರಗೆ.
ಸೆಕೆಗೆ ಬೆವರಿದ್ದಲ್ಲಪ್ಪ, ಅದೇ ಅವರ ಟಿಕೆಟ್ಟು.

“ಎಷ್ಟು ಥರದ ಜನ?”
ಇಪ್ಪತ್ತು.
ಮೈಯೆಲ್ಲ ಒಂದೇ ಅಚ್ಚು, ವ್ಯತ್ಯಾಸ ಲಗೇಜಿನಲ್ಲಿ.
ಗ್ಲೈಸೀನು ಕೈಬೀಸಿಕೊಂಡು ಹತ್ತುತ್ತಾನೆ,
ಒಂಟಿ ಹೈಡ್ರೋಜನ್ನು ಜೇಬಿನಲ್ಲಿಟ್ಟು.
ಟ್ರಿಪ್ಟೊಫ್ಯಾನಿಗೆ ಜೋಡಿಬಳೆಯ ದೊಡ್ಡ ಹೊರೆ,
ನಾಲ್ಕು ಜನರ ಜಾಗ ತಿನ್ನುತ್ತಾನೆ.
ಪ್ರೋಲೀನು ತನ್ನ ಗಂಟನ್ನು
ತನ್ನ ಕೈಗೇ ಬಿಗಿದುಕೊಂಡಿರುತ್ತಾನೆ;
ಅವನು ನಿಂತಲ್ಲಿ ಸಾಲು ಸೊಟ್ಟ.
ಜುಂಜಣ್ಣ ನಕ್ಕ:
“ಅವನು ದಿನಾ ಕಳ್ಳಂಬೆಳ್ಳದಲ್ಲಿ ಹತ್ತುತ್ತಾನಕ್ಕಾ.”

ಆಮೇಲೆ ಸಿಸ್ಟೀನು. ಅವನ ಚೀಲದಲ್ಲಿ ಗಂಧಕ.
ಪಕ್ಕದ ಸಾಲಿನಲ್ಲಿ ಇನ್ನೊಬ್ಬ ಸಿಸ್ಟೀನು ಕಂಡನೋ,
ಸ್ಟ್ಯಾಂಡಿನಲ್ಲಿ ಒತ್ತೊತ್ತಾಗಿ ನಿಂತ ಎರಡು ಬಸ್ಸಿನ
ಕಿಟಕಿಯಿಂದ ಕಿಟಕಿಗೆ ಕೈಚಾಚಿದ ನೆಂಟರಂತೆ
ಗಂಧಕ ಗಂಧಕವನ್ನು ಹಿಡಿದುಬಿಡುತ್ತದೆ.
ನೀರಿಗೆ ಬಿಡಿಸಲಾಗದು, ಬಾಚಣಿಗೆಗೂ ಆಗದು.
ನಿನ್ನ ಈ ನೆಟ್ಟನೆಯ ಕೂದಲು
ಆ ಹಿಡಿತದ ಹಟ.

ಥಯೋ ಬಾಟಲಿ ತೆರೆದೆ.
ಕೊಳೆತ ಮೊಟ್ಟೆಯ ನಾತಕ್ಕೆ ದ್ವಾರಕೆಯ ದೊರೆ ಮೂಗು ಹಿಡಿದ.
ಒಳಗೆ, ಕಾಣದಲ್ಲಿ, ಸೇತುವೆಗಳು ಕಳಚಿದವು.
ಹಸಿರು ರಾಡಿಗಷ್ಟು, ಕೆಂಪು ರಾಡಿಗಷ್ಟು ಸುತ್ತಿದೆ.
ಇಪ್ಪತ್ತು ನಿಮಿಷ ಕೂರು ಅಂದರೆ
ಕನ್ನಡಿಗೆ ಮುಖ ಮಾಡಿ ಒಂದು ಕಂದಪದ್ಯ ಎತ್ತಿದ;
ಕೆಳಗೆ ಬ್ಯಾಟರಿ ಅಂಗಡಿಯ ನಾಯಿ ಶ್ರುತಿ ಹಿಡಿಯಿತು.

ಮೇಲೆ ಪೆರಾಕ್ಸೈಡು ಸುರಿದೆ.
ಕೈಬಿಟ್ಟ ಗಂಧಕಗಳು
ಹಳೆಯ ಜೊತೆಗಾರ ಎಲ್ಲೋ ಸರಿದುಹೋಗಿರಲು
ಬಾಗಿದಲ್ಲಿ ಎದುರಾದವನ ಕೈ ಹಿಡಿದವು.
ಸಾಲು ಅದೇ. ಒಬ್ಬ ಪ್ರಯಾಣಿಕನೂ ಇಳಿದಿಲ್ಲ,
ಒಬ್ಬನೂ ಸೀಟು ಬದಲಿಸಿಲ್ಲ.
ಭಂಗಿ ಮಾತ್ರ ಬೇರೆ.

ನಾಟಕ ಚೆನ್ನಾಗಾಯಿತಂತೆ. ನಾನು ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಶಿರಾ ಬಸ್ಸಿನಲ್ಲಿ ಸಿಕ್ಕ.
ಬುಡದಲ್ಲಿ ಒಂದಂಗುಲ ಹಂಚಿಕಡ್ಡಿ,
ತುದಿಯಲ್ಲಿ ಇನ್ನೂ ಗೋಕುಲ.
“ಏನಕ್ಕಾ ಇದು, ಅರ್ಧ ಕಂಡಕ್ಟರು ಅರ್ಧ ಕೃಷ್ಣ!”
ನನ್ನ ಬಾಟಲಿ ಬುಡಕ್ಕೆ ಇಳಿಯುವುದಿಲ್ಲಪ್ಪ.
ಯಾರ ಪಕ್ಕಕ್ಕೆ ಯಾರು ಅನ್ನುವ ಪಟ್ಟಿ
ನಿಮ್ಮಪ್ಪ ನಿಮ್ಮವ್ವ ಕೊಟ್ಟದ್ದು;
ಅದನ್ನೇ ಓದಿಕೊಂಡು ಅಲ್ಲಿ ದಿನವೂ
ಹೊಸ ಸಾಲು ಹೆಣೆಯುತ್ತಾರೆ.
ನಾಟಕದ ಸುದ್ದಿ ಅವರಿಗೆ ಗೊತ್ತಿಲ್ಲ.

ಆಧಾರ್ ಕಾರ್ಡು ತೋರಿಸಿದೆ.
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತ
ಕಿವಿಯ ಹತ್ತಿರ ಬಗ್ಗಿದ:
“ಶನಿವಾರ ಬರ್ತೀನಕ್ಕಾ, ಈ ಸಲ ವಿದುರನ ಪಾರ್ಟು.
ತುದೀನೂ ನೆಟ್ಟಗೆ ಮಾಡ್ಬಿಡಿ.”
ಆಮೇಲೆ ಹಿಂದಕ್ಕೆ ತಿರುಗಿ,
ಬಾಗಿಲಲ್ಲಿ ನೇತಾಡುವವರಿಗೆ ಕೂಗಿದ:
ಒಬ್ಬರಿಗೊಬ್ಬರು ಅಂಟ್ಕೊಂಡು ನಿಂತ್ಕೊಳ್ರಪ್ಪಾ,
ರೈಟ್.